ಉದ್ಯೋಗ ನಿಮಿತ್ತ

೨೦೨೪ನೇ ಇಸವಿ ಫೆಬ್ರುವರಿ ೧೧, ಭಾನುವಾರ, ಬೆಳಿಗ್ಗೆ ೯ ಗಂಟೆ ೪೦ ನಿಮಿಷಕ್ಕೆ ಹರಿಹರದಲ್ಲಿ ರುದ್ರಮುನಿಯ ಪೈಪು-ಪೇಂಟಿನ ಅಂಗಡಿಯೆದುರು ಇಬ್ಬರು ಆಳುಗಳು ಏಣಿ ಹತ್ತಿ ಬಕ್ಕೇಶನನ್ನು ಕಂಬಕ್ಕೆ ಕಟ್ಟುತ್ತಿದ್ದರು. ಬಕ್ಕೇಶನೆಂದರೆ ಫ್ಲೆಕ್ಸಿನ ಮೇಲಿನ ಬಕ್ಕೇಶ. ನಿಜವಾದವನು ದಾವಣಗೆರೆಯ ಆನೆಕೊಂಡದಿಂದ ಆಗಷ್ಟೇ ಬಸ್ಸಿನಲ್ಲಿ ಬಂದಿಳಿದು, ರಸ್ತೆಯ ಈಚೆ ಬದಿಯಲ್ಲಿ ನಿಂತು ತನ್ನನ್ನೇ ತಲೆಯೆತ್ತಿ ನೋಡುತ್ತಿದ್ದ.

ಹಿಂದೆ ಮುಗಿಲೆತ್ತರದ ಕಟ್ಟಡ, ಎಡಗಿವಿಯ ಪಕ್ಕದಿಂದ ಹಾರಿಹೋಗುವ ವಿಮಾನ. ಮುಖವನ್ನು ಆರು ವರ್ಷದ ಹಿಂದಿನ ಮದುವೆಯ ಫೋಟೋದಿಂದ ಕತ್ತರಿಸಿಕೊಂಡಿದ್ದರು. ಬಾಸಿಂಗ ಅಳಿಸಿದ ಜಾಗದಲ್ಲಿ ಹಣೆ ಸ್ವಲ್ಪ ಬೆಳ್ಳಗಿತ್ತು. ಕತ್ತಿನಿಂದ ಕೆಳಗೆ ನೀಲಿ ಕೋಟು, ಕೆಂಪು ಟೈ.

"ಮಾವ, ಈ ಕೋಟು ನಂದಲ್ಲ," ಎಂದ.

"ಅದು ಯಾರ್ದೂ ಅಲ್ಲಲೇ," ಎಂದ ರುದ್ರಮುನಿ, ಅವನ ತಾಯಿಯ ತಮ್ಮ. "ಪ್ರಿಂಟಿಂಗ್‌ನೋರ ಕಂಪ್ಯೂಟರ್‌ನಾಗೆ ಒಂದೇ ಕೋಟು ಐತೆ. ಹೋದ ತಿಂಗಳು ಸೊಸೈಟಿ ಅಧ್ಯಕ್ಷರಿಗೂ ಅದನ್ನೇ ತೊಡ್ಸಿದ್ರು. ನಿನಗ ಇನ್ನೂ ಚಲೋ ಒಪ್ಪೈತೆ."

ಬಕ್ಕೇಶನ ಕಣ್ಣು ಕೋಟಿನಿಂದ ಅಕ್ಷರಕ್ಕೆ ಇಳಿಯಿತು. ಹನ್ನೊಂದು ವರ್ಷದಿಂದ ಅವನು ಹರಿಹರದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವ ವಿಶ್ಲೇಷಕ. ಯಾವ ವರದಿಯನ್ನೂ ಮೂರು ಸಲ ಓದದೆ ರುಜು ಹಾಕಿದವನಲ್ಲ. ಇದನ್ನೂ ಮೂರು ಸಲ ಓದಿದ: "ಉದ್ಯೋಗ ನಿಮಿತ್ತ ದುಬೈಗೆ ತೆರಳುತ್ತಿರುವ ನಮ್ಮ ಹೆಮ್ಮೆಯ ಶ್ರೀ ಬಕ್ಕೇಶ್, ಎಂ.ಎಸ್ಸಿ., ಇವರಿಗೆ ಹಾರ್ದಿಕ ಶುಭಾಶಯಗಳು." ಅದರ ಕೆಳಗೆ ಶುಭ ಕೋರುವವರ ಹದಿನಾಲ್ಕು ಮುಖಗಳು. ಹದಿಮೂರು ಅಂಚೆಚೀಟಿಯಷ್ಟು, ರುದ್ರಮುನಿಯದು ಊಟದ ತಟ್ಟೆಯಷ್ಟು.

"ಮಾವ, ನನಗ ಕೆಲಸ ಸಿಕ್ಕಿಲ್ಲ. ಹುಡುಕಾಕೆ ಹೊಂಟೀನಿ. ಅದೂ ವಿಸಿಟ್ ವೀಸಾದಾಗೆ."

"ಹಂಗಂತ ಬರೆಸ್ಲೇನು? ಕೆಲಸ ಹುಡುಕಾಕೆ ಹೊಂಟ ನಮ್ಮ ಅಳಿಯಗ ಶುಭಾಶಯ ಅಂತ? ತಪ್ಪಿಸ್ಕಂಡ ಎಮ್ಮೆ ಹುಡುಕಾಕೆ ಹೋದಂಗೆ!"

ಏಣಿಯ ಮೇಲಿನವರು ನಕ್ಕರು.

"ಪ್ರವಾಸ ನಿಮಿತ್ತ ಅಂತ ಹಾಕ್ಸಬೇಕಿತ್ತು."

"ಪ್ರವಾಸಕ್ಕೆ ಹೋಗೋರಿಗೆ ಯಾರಲೇ ಫ್ಲೆಕ್ಸ್ ಹಾಕ್ತಾರೆ? ನಿಮ್ಮತ್ತೆ ವರ್ಷಕ್ಕೆರಡು ಸಲ ಧರ್ಮಸ್ಥಳಕ್ಕೆ ಹೋಗ್ತಾಳೆ. ಸುಮ್ನಿರು. ನೀನು ಹೊಂಟಿರೋದು ಉದ್ಯೋಗದ ಸಲುವಾಗಿ ಹೌದೋ ಅಲ್ಲೋ?"

"ಹೌದು."

"ಮತ್ತೆ ನಿಮಿತ್ತ ಅಂದ್ರೇನು? ಸಲುವಾಗಿ. ಎಂಎಸ್ಸಿ ಓದೀಯ, ಇಷ್ಟು ಗೊತ್ತಾಗಲ್ಲ."

ಪದದ ಮಟ್ಟಿಗೆ ಮಾವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಕ್ಕೇಶ ತಾನೇ ಕಾರ್ಖಾನೆಗೆ ಕೊಟ್ಟ ರಜೆಯ ಅರ್ಜಿಯಲ್ಲಿ 'ವೈಯಕ್ತಿಕ ಕಾರಣ ನಿಮಿತ್ತ ಅರವತ್ತು ದಿನಗಳ ವೇತನರಹಿತ ರಜೆ' ಎಂದು ಬರೆದಿದ್ದ. ಆದರೆ ದಾರಿಹೋಕರು ನಿಘಂಟು ಹಿಡಿದು ಫ್ಲೆಕ್ಸ್ ಓದುವುದಿಲ್ಲ. ಉದ್ಯೋಗ, ದುಬೈ, ಕೋಟು ಮೂರನ್ನೂ ಒಟ್ಟಿಗೆ ಕಂಡವರು ಕೆಲಸ ಸಿಕ್ಕಿತೆಂದೇ ತಿಳಿಯುತ್ತಾರೆ. ಮೇಲಾಗಿ ಅವನ ಮ್ಯಾನೇಜರ್ ಹನುಮೇಶ್ ದಿನಕ್ಕೆರಡು ಬಾರಿ ಇದೇ ರಸ್ತೆಯಲ್ಲಿ ಓಡಾಡುವ ಮನುಷ್ಯ.

ಬಕ್ಕೇಶನದು ಖಾಯಂ ನೌಕರಿಯಲ್ಲ, ವರ್ಷದ ಗುತ್ತಿಗೆ. ಪ್ರತಿ ಮಾರ್ಚ್ ೩೧ಕ್ಕೆ ಮುಗಿದು, ಏಪ್ರಿಲ್ ಒಂದರಂದು ಹೊಸ ಕಾಗದಕ್ಕೆ ರುಜು ಬೀಳಬೇಕು. ಈ ವರ್ಷ ಆ ಹೊತ್ತಿಗೆ ಅವನು ಊರಲ್ಲಿರುವುದಿಲ್ಲ. "ಬಂದ ಮೇಲೆ ಸೈನ್ ಮಾಡೀರಂತೆ, ಹೋಗ್ಬರ್ರಿ," ಎಂದಿದ್ದ ಹನುಮೇಶ್. ಕಾಗದದಲ್ಲಿ ಏನೂ ಇರಲಿಲ್ಲ. ಇದ್ದದ್ದು ಆ ಮಾತೊಂದೇ.

"ಇವತ್ತು ಸಂಜಿ ಇಳಿಸ್ಬಿಡು ಮಾವ. ನಾಳೆ ಫ್ಯಾಕ್ಟರಿಯೋರು ಓಡಾಡೋ ಹೊತ್ತಿಗೆ ಇದು ಇಲ್ಲಿರಬಾರದು."

"ಇಳಿಸ್ತೀನಿ ಬಿಡಲೇ. ಮೊದ್ಲು ಅದರ ಮುಂದ ನಿಂತ್ಕ, ಒಂದು ಫೋಟೋ ಹೊಡೀತೀನಿ."

ಅವನು ನಿಂತ. ನಿಂತದ್ದಷ್ಟೇ ಅಲ್ಲ, ಅಂಗಿಯ ಕಾಲರು ಸರಿಮಾಡಿಕೊಂಡ.

ಮರುದಿನ ಬೆಂಗಳೂರಿನಿಂದ ವಿಮಾನ ಹತ್ತಿದ. ಶಾರ್ಜಾದಲ್ಲಿ ಅವನಿಗೆ ಮಂಚವೊಂದನ್ನು ಗೊತ್ತುಮಾಡಿದ್ದವನು ಮುನಾಫ್, ಹರಿಹರದಲ್ಲಿ ಅವನ ಜೊತೆ ಹೈಸ್ಕೂಲು ಓದಿದವ, ಈಗ ಅಲ್ಲಿ ಏಸಿ ರಿಪೇರಿ ಮಾಡುವವ. ಒಂದು ಕೋಣೆಗೆ ಆರು ಜನ. ಬಕ್ಕೇಶ ವೀಸಾದ ಷರತ್ತುಗಳನ್ನು ಹೋಗುವ ಮೊದಲೇ ಓದಿಕೊಂಡಿದ್ದ. ಕೆಲಸ ಕೇಳಬಹುದು, ಸಂದರ್ಶನಕ್ಕೆ ಕೂರಬಹುದು; ಕಂಪನಿಯೊಂದು ಒಪ್ಪಿ ಪರವಾನಗಿ ಮಾಡಿಸಿಕೊಟ್ಟರೆ ಸೇರಬಹುದು. ಅಲ್ಲಿಯವರೆಗೆ ಒಂದು ತಾಸು ದುಡಿದರೂ ಕಾನೂನಿಗೆ ವಿರುದ್ಧ.

ಮೂರನೇ ವಾರದಲ್ಲಿ ಕುಡಿಯುವ ನೀರು ತುಂಬುವ ಘಟಕವೊಂದರ ಸೂಪರ್‌ವೈಸರ್, ನಾಳೆಯಿಂದಲೇ ಬಾ, ಕಾಗದಪತ್ರ ಆಮೇಲೆ ನೋಡೋಣ ಎಂದ. ಬಕ್ಕೇಶ ಒಲ್ಲೆನೆಂದು ಬಂದ.

"ನಿನ್ನಂಥ ಹುಂಬನ್ನ ನೋಡಿಲ್ಲಪ್ಪ," ಎಂದ ಮುನಾಫ್. "ಈ ಬಿಲ್ಡಿಂಗ್‌ನಾಗೆ ಅರ್ಧ ಮಂದಿ ಹಂಗೇ ಶುರು ಮಾಡಿದ್ದು."

"ಸಿಕ್ಕಿಹಾಕ್ಕಂಡ್ರೆ?"

"ಸಿಕ್ಕಿಹಾಕ್ಕಂಡೋರು ಉಳಿದ ಅರ್ಧ. ಅವ್ರು ಇಲ್ಲಿಲ್ಲ, ಅದ್ಕೇ ನಿನಗ ಕಾಣಂಗಿಲ್ಲ."

ಮಾರ್ಚ್ ೧೨ರಂದು, ರಂಜಾನ್ ಶುರುವಾದ ಮರುದಿನ, ಅಜ್ಮಾನಿನ ಪ್ರಯೋಗಾಲಯವೊಂದು ಅವನನ್ನು ಕರೆಯಿತು. ಮೇಲ್ವಿಚಾರಕಿ ಪಾಲಕ್ಕಾಡಿನ ಕಡೆಯ ಐವತ್ತರ ಹೆಂಗಸು. ಪ್ರಶ್ನೆ ಕೇಳುವ ಬದಲು ಅವನ ಮುಂದೆ ಮೂರು ಬಾಟಲಿ ನೀರಿಟ್ಟು, ಗಡಸುತನ ಎಷ್ಟೆಂದು ಹೇಳಿ ಎಂದಳು. ಪಕ್ಕದಲ್ಲಿ ಯಂತ್ರವಿದ್ದರೂ ಅವನು ಹನಿಹನಿಯಾಗಿ ದ್ರಾವಣ ಬಿಡುವ ಗಾಜಿನ ನಳಿಕೆ, ಬ್ಯೂರೆಟ್ಟನ್ನು ಕೇಳಿ ಪಡೆದ. ಕೆಂಪು ನೀಲಿಗೆ ತಿರುಗುವ ಕೊನೆಯ ಹನಿಯನ್ನು ಹಿಡಿಯುವ ಕೈ ಅವನದು. ಮೂರೂ ಉತ್ತರಗಳನ್ನು ಯಂತ್ರದ ಅಂಕಿಗಳ ಜೊತೆ ತಾಳೆ ನೋಡಿ ಅವಳು ನಕ್ಕಳು. ಸದ್ಯ ಎಲ್ಲಿದ್ದೀರಿ ಎಂದು ಕೇಳಿದಳು. ಹರಿಹರದ ಕಾರ್ಖಾನೆಯಲ್ಲಿದ್ದೇನೆ, ರಜೆಯ ಮೇಲೆ ಬಂದಿದ್ದೇನೆ ಎಂದ. ಅಲ್ಲಿಂದ ನಿಮ್ಮ ಅನುಭವದ ಬಗ್ಗೆ ಒಂದು ಮೇಲ್ ಬಂದರೆ ಸಾಕು, ಪರವಾನಗಿಗೆ ಹಾಕುತ್ತೇವೆ ಎಂದಳು.

ಆ ದಿನ ಅವನು ಹೆಂಡತಿ ಶಾಂತಲಾಳಿಗೆ ಫೋನು ಮಾಡಿ, ಯಾರಿಗೂ ಹೇಳಬ್ಯಾಡ ಎಂಬ ಮಾತನ್ನು ಮೂರು ಸಲ ಹೇಳಿದ. ಅವಳು ಯಾರಿಗೂ ಹೇಳಲಿಲ್ಲ. ಹೇಳಲು ಯಾರೂ ಉಳಿದಿರಲಿಲ್ಲ; ಕೆಲಸ ಸಿಕ್ಕಿ ತಿಂಗಳಾಯಿತೆಂದು ಊರಿಗೆ ಊರೇ ನಂಬಿತ್ತು.

ಅಜ್ಮಾನಿನಿಂದ ಹರಿಹರಕ್ಕೆ ಮೇಲ್ ಹೋದದ್ದು ಮಾರ್ಚ್ ಕೊನೆಯಲ್ಲಿ, ಉತ್ತರ ಬಂದದ್ದು ಏಪ್ರಿಲ್ ಎರಡರಂದು. ಮೇಲ್ವಿಚಾರಕಿ ಅದನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಹನ್ನೊಂದು ವರ್ಷದ ಕೆಲಸವನ್ನು ಹನುಮೇಶ್ ಮನಸಾರೆ ಹೊಗಳಿದ್ದ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದ: ಶ್ರೀಯುತರು ಕಳೆದ ಫೆಬ್ರುವರಿಯಲ್ಲಿ ದುಬೈನಲ್ಲಿ ಉದ್ಯೋಗಕ್ಕೆ ಸೇರಿರುವುದರಿಂದ ಅವರ ಗುತ್ತಿಗೆಯನ್ನು ನವೀಕರಿಸಿಲ್ಲ.

"ದುಬೈನಲ್ಲಿ ಎಲ್ಲಿ ಕೆಲಸ ಮಾಡುತ್ತಿದ್ದೀರಿ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ಎಲ್ಲಿಯೂ ಇಲ್ಲ."

"ರಜೆಯಲ್ಲಿದ್ದೇನೆ ಎಂದಿರಿ. ಅವರು, ನೀವು ಬಿಟ್ಟುಹೋಗಿದ್ದೀರಿ ಎನ್ನುತ್ತಾರೆ. ವಿಸಿಟ್ ವೀಸಾದಲ್ಲಿ ಎಲ್ಲೋ ಕದ್ದು ದುಡಿಯುತ್ತಿದ್ದೀರಿ ಎಂದು ನಾನು ತಿಳಿಯಬೇಕೆ?"

ಅವನು ಮೊಬೈಲು ತೆಗೆದು ಫ್ಲೆಕ್ಸಿನ ಫೋಟೋ ತೋರಿಸಿದ. 'ನಿಮಿತ್ತ' ಎಂಬ ಪದಕ್ಕೆ ಮೂರು ಅರ್ಥ ಕೊಟ್ಟ. ಆಕೆ ಕೋಟನ್ನು ನೋಡಿದಳು, ವಿಮಾನವನ್ನು ನೋಡಿದಳು, ಫ್ಲೆಕ್ಸಿನ ಮುಂದೆ ಕಾಲರು ಸರಿಮಾಡಿಕೊಂಡು ನಿಂತ ಅವನನ್ನೂ ನೋಡಿದಳು.

"ಸಿಗದ ಕೆಲಸಕ್ಕೆ ಹದಿನಾಲ್ಕು ಜನ ಅಭಿನಂದನೆ ಹೇಳಿದರೇ?"

"ನಮ್ಮ ಕಡೆ ಹಾಗೆ..." ಎಂದು ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಆಕೆ ಕೆಟ್ಟವಳಲ್ಲ. ಹನುಮೇಶನಿಂದ ತಿದ್ದುಪಡಿಯ ಮೇಲ್ ಬಂದರೆ ಮತ್ತೆ ನೋಡೋಣ ಎಂದಳು. ಬಕ್ಕೇಶ ಆ ಸಂಜೆ ಹನುಮೇಶನಿಗೆ ಒಂಬತ್ತು ಸಲ ಫೋನು ಮಾಡಿದ. ಹತ್ತನೆಯದಕ್ಕೆ ಅವನು ಎತ್ತಿ, "ಹೆಡ್ಡಾಫೀಸಿಗೂ ಹಂಗೇ ಬರೆದು ಕಳಿಸೀನ್ರಿ. ಈಗ ನಾನೇ ಸುಳ್ಳು ಹೇಳಿದೆ ಅಂತ ಬರ್ಕೊಡ್ಲಾ?" ಎಂದು ಇಟ್ಟುಬಿಟ್ಟ.

ತಿದ್ದುಪಡಿಯ ಮೇಲ್ ಬರಲಿಲ್ಲ, ವೀಸಾದ ದಿನಗಳೂ ಮುಗಿಯುತ್ತ ಬಂದವು. ಯುಗಾದಿಯ ಹಿಂದಿನ ದಿನ, ಏಪ್ರಿಲ್ ಎಂಟರ ಸೋಮವಾರ, ಅವನು ಹರಿಹರದಲ್ಲಿ ಬಸ್ಸಿಳಿದ. ಫ್ಲೆಕ್ಸ್ ಇನ್ನೂ ಅಲ್ಲೇ ಇತ್ತು. ಎರಡು ತಿಂಗಳ ಬಿಸಿಲಿಗೆ ಕೋಟು ಬೂದಿಬಣ್ಣಕ್ಕೆ ತಿರುಗಿತ್ತು.

"ಸಂಜಿ ಇಳಿಸ್ತೀನಿ ಅಂದಿದ್ದೆ," ಎಂದ ಮಾವನಿಗೆ.

"ಅಂದಿದ್ದೆ. ಬಂದೋರೆಲ್ಲ ನಿಂತು ಓದ್ತಿದ್ರು, ನಿಮ್ಮ ಅಳಿಯನಾ ಅಂತ ಕೇಳ್ತಿದ್ರು. ಇಳಿಸಾಕೆ ಮನಸಾಗ್ಲಿಲ್ಲ." ರುದ್ರಮುನಿ ಕುರ್ಚಿ ಒರೆಸಿ ಮುಂದೆ ಸರಿಸಿದ. "ಕೂಡು. ರಜಾ ಮ್ಯಾಲೆ ಬಂದೀಯಾ? ಖರ್ಜೂರ ತಂದೀಯಿಲ್ಲೋ?"

ಬಕ್ಕೇಶ ಕೂರಲಿಲ್ಲ. ನಡೆದದ್ದನ್ನು ನಾಲ್ಕು ವಾಕ್ಯದಲ್ಲಿ ಹೇಳಿದ. ಮಾವ ಬಾಯಿ ತೆರೆದು ಕೇಳಿ, ಕೊನೆಗೆ, "ಒಂದು ಪದಕ್ಕಾ? ಇದರಾಗೆ ನಂದೇನು ತಪ್ಪು? ನೀನು ಓದಿ ಹೂಂ ಅಂದ ಮ್ಯಾಲೇ ಕಟ್ಸಿದ್ದು," ಎಂದ. ಹೂಂ ಎಂದು ಬಕ್ಕೇಶ ಬಾಯಿಬಿಟ್ಟು ಹೇಳಿರಲಿಲ್ಲ. ಕಟ್ಟಬೇಡವೆಂದೂ ಹೇಳಿರಲಿಲ್ಲ.

ಕಾರ್ಖಾನೆಯಲ್ಲಿ ಹನುಮೇಶ್ ಎದ್ದು ನಿಂತು ಕೈಕುಲುಕಿದ.

"ಬರ್ರಿ, ಬರ್ರಿ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರೆ ನೀವೇ ಹೇಳ್ರಿ, ಫ್ಲೆಕ್ಸ್ ಕಟ್ಸ್ಕಂಡು ಹೋದೋರು ವಾಪಸ್ ಬರ್ತಾರೆ ಅಂತ ಯಾರಾದ್ರೂ ಸೀಟು ಹಿಡ್ಕಂಡು ಕೂರ್ತಾರಾ? ದಿನಾ ಎರಡು ಸಲ ನಿಮ್ಮನ್ನ ನೋಡ್ಕಂಡು ಬರ್ತಿದ್ದೆ. ವೈಯಕ್ತಿಕ ಕಾರಣ ಅಂತ ನನಗ ಬರ್ಕೊಟ್ರಿ, ಊರಿಗೆ ಉದ್ಯೋಗ ಅಂತ ಸಾರಿದ್ರಿ. ನನ್ನ ಮನಸಿಗೂ ನೋವಾಗಂಗಿಲ್ಲೇನು?"

"ಒಂದು ಫೋನ್ ಮಾಡಿ ಕೇಳಬಹುದಿತ್ತು, ಸರ್."

"ಕೇಳಾಕೆ ಏನೈತ್ರಿ? ಅಷ್ಟು ದೊಡ್ಡ ಅಕ್ಷರದಾಗೆ ಬರ್ದಿತ್ತು."

ವಿಶ್ಲೇಷಕರ ಜಾಗಕ್ಕೆ ಪೂಜಾಳನ್ನು ತೆಗೆದುಕೊಂಡಾಗಿತ್ತು. ನಾಲ್ಕು ವರ್ಷದ ಹಿಂದೆ ತರಬೇತಿಗೆ ಬಂದವಳು. ಬ್ಯೂರೆಟ್ಟು ಹಿಡಿಯುವುದನ್ನು ಕಲಿಸಿದವನು ಬಕ್ಕೇಶನೇ. ಈಗ ಖಾಲಿ ಇದ್ದದ್ದು ಅವಳ ಕೈಕೆಳಗೆ ನದಿಯಿಂದ, ಕೊಳವೆಯಿಂದ ನೀರಿನ ಮಾದರಿ ಹಿಡಿದು ತರುವ ಕೆಲಸ. ಅದೂ ಕಾರ್ಖಾನೆಯ ಲೆಕ್ಕದಲ್ಲಲ್ಲ, ಆಳು ಒದಗಿಸುವ ಕಂತ್ರಾಟುದಾರನ ಮೂಲಕ.

"ಈ ವರ್ಷ ಇದನ್ನ ಮಾಡ್ರಿ, ಮುಂದಿನ ವರ್ಷ ನೋಡಾಣಂತೆ," ಎಂದ ಹನುಮೇಶ್.

ಯುಗಾದಿಯ ದಿನ ಆನೆಕೊಂಡದ ಮನೆಯಲ್ಲಿ ಶಾಂತಲಾ ಬೇವು-ಬೆಲ್ಲ ಕೊಟ್ಟಳು. ನೆರೆಯವರು ಬಂದು ಎಷ್ಟು ದಿನ ರಜೆ ಎಂದು ಕೇಳಿ ಹೋದರು. ಅವನು ಮಾವನನ್ನು ಬೈಯುತ್ತಲೇ ಇದ್ದ. ಹೋಳಿಗೆಯ ಹಿಟ್ಟು ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತು ನೀವಾಗೇ ಆ ಹಗ್ಗ ಬಿಚ್ಚಿಸಬಹುದಿತ್ತು. ಯಾಕ ಬಿಚ್ಚಿಸ್ಲಿಲ್ಲ?"

"ಮಾವನ ಮನಸು ನೋಯ್ತಿತ್ತು."

"ಅಷ್ಟೇನಾ?"

ಅಳೆಯುವ ಮನುಷ್ಯ, ತನ್ನನ್ನೂ ಅಳೆದುಕೊಂಡ. ಹನ್ನೊಂದು ವರ್ಷದಲ್ಲಿ ಅವನ ಹೆಸರು ವರದಿಗಳ ತಳದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬಿಟ್ಟರೆ ಎಲ್ಲೂ ಅಚ್ಚಾಗಿರಲಿಲ್ಲ.

"ಚಂದ ಕಂಡಿತ್ತು," ಎಂದ.

ಶಾಂತಲಾ ಮತ್ತೆ ಹಿಟ್ಟು ತಟ್ಟತೊಡಗಿದಳು. "ನಾಳಿಂದ ಆ ನೀರು ತರೋ ಕೆಲಸಕ್ಕೆ ಹೋಗ್ರಿ ಮತ್ತೆ," ಎಂದಳು. ಅದರಲ್ಲಿ ಸಮಾಧಾನವೂ ಇರಲಿಲ್ಲ, ಕೊಂಕೂ ಇರಲಿಲ್ಲ.

ಹೋದ. ಮೊದಲ ದಿನವೇ ತುಂಗಭದ್ರೆಯ ದಡಕ್ಕಿಳಿದು, ಗುಳ್ಳೆಯೇಳದಂತೆ ಬಾಟಲಿ ತುಂಬಿ, ನೀರಲ್ಲಿ ಕರಗಿದ ಆಮ್ಲಜನಕ ಹಾರಿಹೋಗದಂತೆ ಎರಡು ದ್ರಾವಣ ಬೆರೆಸಿ, ಬಿರಟೆ ಬಿಗಿದು ತಂದು ಪೂಜಾಳ ಮೇಜಿನ ಮೇಲಿಟ್ಟ. ಅವಳು ಎದ್ದು ನಿಂತಳು. ಕೂರುವುದೋ ಬೇಡವೋ ತಿಳಿಯದೆ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಸರ್, ನೀವೇ ಮಾಡ್ರಿ. ನಾನು ಬರ್ಕಂತೀನಿ."

"ರುಜು ಹಾಕೋರೇ ಮಾಡಬೇಕು, ಮೇಡಂ."

"ಮೇಡಂ ಅನ್ನಬ್ಯಾಡ್ರಿ ಸರ್."

"ಮತ್ತೆ ಏನನ್ಲಿ? ಊರಾಗೆ ಫ್ಲೆಕ್ಸ್ ಹಾಕ್ಸಿ ತಿಳಿಸ್ರಿ, ಹಂಗೇ ಕರೀತೀನಿ."

ಅವಳ ಮುಖ ಕೆಂಪಾಯಿತು. ಅವಳ ತಪ್ಪೇನೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಕುಳಿತು ಬ್ಯೂರೆಟ್ಟಿನ ಕೀಲಿ ತಿರುಗಿಸಿದಳು. ಅವನು ಎರಡು ಹೆಜ್ಜೆ ಹಿಂದೆ, ಕೈಕಟ್ಟಿ ನಿಂತ. ನೀಲಿ ತಿಳಿಯಾಗುತ್ತ ಬಂತು. ಇನ್ನೊಂದು ಹನಿ ಎನ್ನುವುದು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಆ ಹನಿಯನ್ನು ಬಿಟ್ಟಳು. ಬಣ್ಣ ಹೋಯಿತು. ಅವಳು ಅಂಕಿಯನ್ನು ಬರೆದು, ವಿಶ್ಲೇಷಕರು ಎಂಬಲ್ಲಿ ರುಜು ಹಾಕಿ, ಹಾಳೆಯನ್ನು ಅವನ ಕಡೆ ತಿರುಗಿಸಿದಳು. ಮಾದರಿ ತಂದವರು ಎಂಬ ಸಾಲಿನಲ್ಲಿ ಅವನು ತನ್ನ ಹೆಸರು ಬರೆದ. ಅದರ ಮೇಲಿನ ಸಾಲನ್ನು, ಅಭ್ಯಾಸಬಲದಿಂದ, ಮೂರು ಸಲ ಓದಿದ. ಕರಗಿದ ಆಮ್ಲಜನಕ, ಲೀಟರಿಗೆ ೪.೬ ಮಿಲಿಗ್ರಾಂ. ಮೀನು ಬದುಕಿರಲು ಅಷ್ಟು ಸಾಕು.