ಮೆತ್ತನೆಯ ಹಲ್ಲು

ಬಡವರನ್ನು ಕಂಡರೆ ಸೇತುವೆಯ ಏರು ಇನ್ನೊಂದು ಗೇಣು ಎತ್ತರವಾಗುತ್ತದೆ ಎಂದು ಗಾಡಿ ತುಳಿಯುವವರು ಹೇಳುತ್ತಾರೆ. ಗಾಡಿಯಕ್ಕನಿಗೆ ಅದು ತಮಾಷೆಯಾಗಿರಲಿಲ್ಲ. ಮೂರು ಚಕ್ರದ ಸೈಕಲ್ ಗಾಡಿಗೆ ಸಿಮೆಂಟ್ ಮೂಟೆ ಹೇರಿದರೆ ಆ ಏರಿನಲ್ಲಿ ಸೀಟಿನ ಮೇಲೆ ಕೂರುವ ಮಾತೇ ಇಲ್ಲ. ಎದ್ದು ನಿಂತು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಬಿಡಬೇಕು. ಹಿಂದಿನಿಂದ ಗಂಡ ಹೆಗಲು ಕೊಟ್ಟು ತಳ್ಳಬೇಕು. ಸಂಜೆ ಮನೆಗೆ ಬರುವಷ್ಟರಲ್ಲಿ ಅವಳ ಮಂಡಿ ಬಾತಿರುತ್ತಿತ್ತು. ಅವನ ಹೆಗಲಿನ ಚರ್ಮ ಸುಲಿದು ಅಂಗಿಗೆ ಅಂಟಿರುತ್ತಿತ್ತು. ಅವಳು ಅಂಗಿ ಬಿಡಿಸುವಾಗ ಅವನು, "ಮೆಲ್ಲಗೆ ಕಣೇ, ಇರೋದೊಂದೇ ಚರ್ಮ" ಎನ್ನುತ್ತಿದ್ದ.

ಹಿಂದಿನ ಅಚ್ಚಿಗೆ, ಚೈನು ಕೂರುವಲ್ಲಿ, ದೊಡ್ಡ ಹಲ್ಲುಚಕ್ರ ಹಾಕಿದರೆ ತುಳಿಯುವುದು ಹಗುರಾಗುತ್ತದೆ ಎಂದು ಹೇಳಿದವನು ಅವನೇ. ಅಂಗಡಿಯಲ್ಲಿ ಸಿಗುವುದೆಲ್ಲ ಸಾಮಾನ್ಯ ಸೈಕಲ್ಲಿನ ಹಲ್ಲುಚಕ್ರ, ಗಾಡಿಯ ದಪ್ಪ ಅಚ್ಚಿಗೆ ಕೂರುವುದಿಲ್ಲ. ಲೇತಿನಲ್ಲಿ ಅಳತೆಗೆ ಸರಿಯಾಗಿ ಕಡೆಸಬೇಕು. ಲೇತ್ ಇದ್ದದ್ದು ಸೇತುವೆಯ ಬುಡದಲ್ಲಿ, ಸಾಹುಕಾರನ ಕಾರ್ಖಾನೆಯಲ್ಲಿ.

"ದುಡ್ಡು ಯಾಕಮ್ಮಾ, ನಾವೇನು ಬೇರೆಯವರಾ?" ಎಂದ ಸಾಹುಕಾರ. "ಈ ಮಳೆಗಾಲ ಮುಗಿಯೋವರೆಗೂ ನಮ್ಮ ಕಬ್ಬಿಣ ಸಾಗಿಸಿಕೊಡಿ, ಸಾಕು. ಒಳ್ಳೆ ಉಕ್ಕಿನಲ್ಲಿ ಕಡೆಸಿ, ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ ಹದ ಮಾಡಿಸಿ ಕೊಡ್ತೀನಿ. ನಿನ್ನ ಮೊಮ್ಮಕ್ಕಳೂ ತುಳೀಬಹುದು."

ಬಾಯಿ ಬೆಲ್ಲ, ಕರುಳು ಕತ್ತರಿ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಗಂಡಹೆಂಡಿರು ಮಳೆಗಾಲ ಪೂರ್ತಿ ಅವನ ಕಬ್ಬಿಣವನ್ನು ಬಿಟ್ಟಿ ಎಳೆದರು. ಬೇರೆ ಬಾಡಿಗೆಯನ್ನೆಲ್ಲ ಬಿಟ್ಟರು. ಒಲೆ ದಿನಕ್ಕೊಂದೇ ಹೊತ್ತು ಉರಿಯಿತು.

ಕೊನೆಗೆ ಚಕ್ರ ಬಂತು. ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಹೊಸ ಹಲ್ಲುಚಕ್ರ ಹಾಕಿದರೆ ಗಾಡಿಯವರು ಅದನ್ನು ಕಿವಿಯಿಂದ ಪರೀಕ್ಷೆ ಮಾಡುತ್ತಾರೆ. ಹಿಂಭಾಗ ಎತ್ತಿ ಹಿಡಿದು, ಬರಿಗೈಯಲ್ಲಿ ತಿರುಗಿಸಿ, ಎಲ್ಲರೂ ಸುತ್ತ ಕೂತು ಆಲಿಸುತ್ತಾರೆ. ಸದ್ದು ಮಾಡಿದರೆ ಕೆಟ್ಟದ್ದು, ಸುಮ್ಮನಿದ್ದರೆ ಒಳ್ಳೆಯದು. ಈ ಚಕ್ರ ತುಟಿಪಿಟಕ್ಕೆನ್ನಲಿಲ್ಲ. "ಅಕ್ಕಾ, ನಿಂದು ಗೆದ್ದಿತು!" ಎಂದು ಎಲ್ಲರೂ ಕೂಗಿದರು. ಮೆತ್ತನೆಯ ಕಬ್ಬಿಣವೂ ಸದ್ದು ಮಾಡುವುದಿಲ್ಲ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊದಮೊದಲು ಏರು ನಿಜಕ್ಕೂ ಹಗುರಾಯಿತು. ಒಂದು ಬೆಳಿಗ್ಗೆ, ಮೂಟೆ ಹೇರಿದ ಗಾಡಿ ಏರಿನ ನಡುವೆ ಇದ್ದಾಗ, ಸವೆದ ಹಲ್ಲಿನ ಮೇಲಿಂದ ಚೈನು ಹಾರಿತು. ಕಾಲಡಿಯ ಪೆಡಲ್ ಒಮ್ಮೆಲೇ ಸಡಿಲಗೊಂಡು ಗಾಡಿಯಕ್ಕ ರಸ್ತೆಗೆ ಉರುಳಿದಳು. ಗಾಡಿ ಹಿಂದಕ್ಕೆ ಓಡಿತು. ಹಿಂದೆ ಗಂಡನಿದ್ದ.

ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯ ಮೇಲಕ್ಕೇ ಕತ್ತರಿಸಿದರು. ಎಚ್ಚರವಾದಾಗ ಹೊದಿಕೆಯ ತಗ್ಗನ್ನು ನೋಡಿ ಅವನು, "ಇನ್ನು ಮೇಲೆ ಒಂದೇ ಚಪ್ಪಲಿ ಸಾಕು ಬಿಡು" ಎಂದ. ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ.

ಸಾಹುಕಾರ ಊರಿಗೆಲ್ಲ ಹೇಳಿಕೊಂಡು ತಿರುಗಿದ. "ಕುಡಿದಿದ್ದ ಕಣ್ರೀ. ಚಕ್ರಕ್ಕೇನಾಗಿದೆ? ಗಟ್ಟಿ ಉಕ್ಕು."

ಒಂದು ದಿನ ಲೇತಿನ ಮೇಸ್ತ್ರಿ ಅವಳ ಮನೆಗೆ ಬಂದ. ಒಳಗೆ ಕಾಲಿಡಲಿಲ್ಲ. ಅಂಗಳದಲ್ಲಿ ನಿಂತಿದ್ದ ಗಾಡಿಯ ಬಳಿ ಕೂತು, ಜೇಬಿನಿಂದ ಅರ ತೆಗೆದು ಚಕ್ರದ ಹಲ್ಲಿಗೆ ಉಜ್ಜಿದ. ಪುಡಿ ಉದುರಿತು.

"ಹದ ಮಾಡಿದ ಹಲ್ಲಾದ್ರೆ ಅರ ಜಾರಬೇಕಕ್ಕ. ಇದು ನೋಡು, ಸೋಪಿನ ಹಾಗೆ."

"ಗೊತ್ತಿದ್ದೂ ಕಡೆದೆಯಾ?"

"ಸಾಹುಕಾರ ಗುಜರಿ ತಗಡು ತಂದು ಎಸೆದ. ಗಾಡಿ ಎಳೆಯೋರಿಗೆ ಇಷ್ಟು ಸಾಕು ಅಂದ. ಕಾಯಿಸೋದೂ ಬೇಡ, ಇದ್ದಿಲು ದಂಡ ಅಂದ. ನನಗೂ ಹೆಂಡತಿ ಮಕ್ಕಳಿದ್ದಾರಕ್ಕ."

"ನನಗೂ ಗಂಡ ಇದ್ದ ಮೇಸ್ತ್ರಿ. ಎರಡು ಕಾಲಿನ ಗಂಡ."

ಮೇಸ್ತ್ರಿ ಅರವನ್ನು ಜೇಬಿಗೆ ಹಾಕಿಕೊಂಡ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. "ಹೋಗು, ಕೆಲಸ ಮಾಡು. ನಾನು ಕರೆದ ದಿನ ಮಾತ್ರ ಹೊರಗೆ ಬಾ" ಎಂದಳು.

ಮೊಕದ್ದಮೆ ಹೂಡು ಎಂದರು ಕೆಲವರು. ಅವನ ಕೈಕಾಲು ಹಿಡಿದು ಪರಿಹಾರ ಕೇಳು ಎಂದರು ಇನ್ನು ಕೆಲವರು. ಅವಳು ಎಲ್ಲರ ಮಾತನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಅವಳಿಗೆ ಪರಿಹಾರ ಬೇಕಿರಲಿಲ್ಲ. ಸಾಹುಕಾರನ ಕಾಲು ಬೇಕಿತ್ತು.

ಗಾಡಿಗೆ ಗಟ್ಟಿಯಾದ ಹೊಸ ಕೈಬ್ರೇಕ್ ಹಾಕಿಸಿದಳು. ಹಲ್ಲುಚಕ್ರವನ್ನು ಮುಟ್ಟಲಿಲ್ಲ.

ದೊಡ್ಡ ಗಿರಾಕಿಯೊಬ್ಬ ಕಾರಿನಲ್ಲಿ ಕಾರ್ಖಾನೆ ನೋಡಲು ಬಂದ ದಿನ, ಊರಿನ ಗಾಡಿಗಳೆಲ್ಲ ಬಂದು ಗೇಟಿಗೆ ಅಡ್ಡ ನಿಂತವು. ಮುಂದೆ ಗಾಡಿಯಕ್ಕನ ಗಾಡಿ, ಅದರ ತುಂಬ ಸಿಮೆಂಟ್ ಮೂಟೆ.

"ಏನಮ್ಮಾ ಇದು, ಜಾತ್ರೆನಾ?" ಸಾಹುಕಾರ ಹಲ್ಲು ಕಿರಿದ.

"ಸಾಹುಕಾರ್ರೇ, ಈ ಚಕ್ರ ಎಂಥದ್ದು?"

ಅವನು ಓರೆಗಣ್ಣಿನಲ್ಲಿ ಗಿರಾಕಿಯನ್ನು ನೋಡಿದ. "ಎಂಥದ್ದು ಅಂದ್ರೆ? ಗಟ್ಟಿ ಉಕ್ಕು. ನಮ್ಮಲ್ಲಿ ಕಳಪೆ ಮಾಲೇ ಇಲ್ಲ."

"ಹಾಗಾದ್ರೆ ಬನ್ನಿ. ನಾನು ತುಳೀತೀನಿ. ನನ್ನ ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ನೀವು ತಳ್ಳಿ. ಸೇತುವೆ ಹತ್ತಿದರೆ ನಿಮ್ಮ ಕಬ್ಬಿಣ ಸಾಯೋವರೆಗೂ ಬಿಟ್ಟಿ ಎಳೀತೀವಿ, ಅಷ್ಟೂ ಜನ."

"ತಲೆ ಕೆಟ್ಟಿದೆಯೇನೇ ನಿನಗೆ?"

"ಮೇಸ್ತ್ರೀ!" ಎಂದು ಅವಳು ಕೂಗಿದಳು.

ಒಳಗೆ ಲೇತ್ ನಿಂತಿತು. ಅದರ ಹಿಂದೆಯೇ ಕೊರೆಯುವ ಯಂತ್ರ ನಿಂತಿತು, ಉಜ್ಜುವ ಯಂತ್ರ ನಿಂತಿತು. ಮೇಸ್ತ್ರಿ ಎಣ್ಣೆಗೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಹಿಂದೆ ಕೆಲಸಗಾರರೆಲ್ಲ ಬಂದರು. ಗಿರಾಕಿ ಕೈಕಟ್ಟಿ ನಿಂತು, "ತಳ್ಳಿಬಿಡಿ ಸ್ವಾಮಿ, ನಿಮ್ಮದೇ ಮಾಲು ತಾನೇ" ಎಂದ.

ಸಾಹುಕಾರನಿಗೆ ಅತ್ತ ದರಿ, ಇತ್ತ ಪುಲಿ. ನಗಲು ನೋಡಿದ, ಆಗಲಿಲ್ಲ. ಅಂಗಿಯ ತೋಳು ಮಡಚಿ ಗಾಡಿಯ ಹಿಂದೆ ನಿಂತ. ಗಾಡಿಯಕ್ಕ ಎದ್ದು ನಿಂತು ತುಳಿದಳು. ಉಳಿದ ಗಾಡಿಗಳು ಅವನ ಎಡಕ್ಕೆ, ಬಲಕ್ಕೆ, ಬೆನ್ನಿಗೆ ಅಂಟಿಕೊಂಡೇ ಬಂದವು. ಪಕ್ಕಕ್ಕೆ ಹಾರಲು ಜಾಗವಿರಲಿಲ್ಲ. ಕಟ್ಟಕಡೆಯ ಗಾಡಿಯಲ್ಲಿ ಊರುಗೋಲು ಹಿಡಿದು ಅವಳ ಗಂಡ ಕೂತಿದ್ದ.

ಏರಿನ ನಡುವೆ ಚೈನು ಟಕ್ ಎಂದಿತು. ಗಾಡಿ ಒಂದು ಗೇಣು ಹಿಂದೆ ಜಾರಿ ಸಾಹುಕಾರನ ಎದೆಗೆ ಒತ್ತಿತು. ಅವಳು ಬ್ರೇಕ್ ಹಿಡಿದಳು. ಹಿಡಿದು, ಸ್ವಲ್ಪವೇ ಸಡಿಲ ಬಿಟ್ಟಳು.

"ಬ್ರೇಕ್ ಹಿಡಿಯೇ! ಹಿಡಿ!"

"ಯಾಕೆ ಸಾಹುಕಾರ್ರೇ? ಗಟ್ಟಿ ಉಕ್ಕಲ್ವಾ?"

"ಅಲ್ಲ ಕಣಮ್ಮಾ! ಗುಜರಿ ತಗಡು! ಹದಾನೂ ಮಾಡಿಸಿಲ್ಲ! ನಿಲ್ಲಲ್ಲ ಅದು, ನಿನ್ನ ಕಾಲಿಗೆ ಬೀಳ್ತೀನಿ, ಹಿಡಿ ತಾಯೀ!"

ಕೆಳಗಿನಿಂದ, ಕಟ್ಟಕಡೆಯ ಗಾಡಿಯಿಂದ, ಅವಳ ಗಂಡನ ದನಿ ಬಂತು.

"ಇಲ್ಲಿಗೆ ಕೇಳಿಸ್ಲಿಲ್ಲ ಕಣೇ!"

"ಅವರಿಗೆ ಕೇಳಿಸ್ಲಿಲ್ಲವಂತೆ" ಎಂದು ಗಾಡಿಯಕ್ಕ ಬ್ರೇಕನ್ನು ಇನ್ನೊಂದಿಷ್ಟು ಸಡಿಲ ಬಿಟ್ಟಳು.