ಬಂಟನ ಎಣಿಕೆ

ಡಾಕ್ಟರ್ ಮರುಳಸಿದ್ದಪ್ಪನಿಗೆ ಮೂಗಿನ ತುದಿಯಲ್ಲಿ ಕೋಪ, ನಾಲಗೆಯ ತುದಿಯಲ್ಲಿ ಮದ್ರಾಸು. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಿಂದ ಹೋಗಿ ಮದ್ರಾಸಿನಲ್ಲಿ ಮೂರು ವರ್ಷ ಪಶುವೈದ್ಯ ಓದಿ ಬಂದಿದ್ದ. "ಮದ್ರಾಸಿನ್ಯಾಗ ನಮಗ ಹೇಳಿಕೊಟ್ಟಿದ್ದು..." ಎಂದು ಶುರು ಮಾಡಿದನೆಂದರೆ ಸಾಕು, ಹೊಸಪೇಟೆಯ ದನದ ದವಾಖಾನೆಯ ಕಾಂಪೌಂಡರ್ ಪಕ್ಕೀರಪ್ಪ ಏನಾದರೊಂದು ನೆಪ ತೆಗೆದು ಹಿತ್ತಲಿಗೆ ಜಾರಿಕೊಳ್ಳುತ್ತಿದ್ದ. ಅಲ್ಲಿಗೆ ಬರುತ್ತಿದ್ದದ್ದು ಎತ್ತು, ಎಮ್ಮೆ, ಜಟಕಾ ಕುದುರೆ. ವರ್ಷಕ್ಕೊಮ್ಮೆ ರೈಲ್ವೆ ದೊರೆಗಳ ಮನೆಯ ಬೆಕ್ಕೋ ನಾಯಿಯೋ ಬುಟ್ಟಿಯಲ್ಲಿ ಠೀವಿಯಿಂದ ಬಂದು ಹೋಗುತ್ತಿತ್ತು. ಊರವರ ನಾಯಿ ಬೆಕ್ಕುಗಳಿಗೆ ಜಡ್ಡಾದರೆ ಮಾತ್ರ ಜನ ಮಲಪನಗುಡಿಯ ಕುರುಬರ ಗಾಳೆಮ್ಮನ ಹತ್ತಿರ ಹೋಗುತ್ತಿದ್ದರು. ಆಕೆ ಬೇವು ಕುದಿಸುತ್ತಾಳೆ, ಬೇರು ಅರೆಯುತ್ತಾಳೆ, ನಾಯಿಯ ಕಿವಿ ಮೂಸಿ ಜ್ವರ ಹೇಳುತ್ತಾಳೆ ಎಂದು ಯಾರಾದರೂ ಹೊಗಳಿದರೆ ಡಾಕ್ಟರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅಂಥ ಗಾಳೆಮ್ಮ ಒಂದು ಬೆಳಿಗ್ಗೆ ತಾನೇ ಗಾಡಿ ಕಟ್ಟಿಸಿಕೊಂಡು ದವಾಖಾನೆಗೆ ಬಂದಳು. ತೊಡೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಕರಿಯ ಕುರಿನಾಯಿ. ಅದರ ಹೆಸರು ಬಂಟ. ಹೊಟ್ಟೆಗೆ ಅರ್ಧ ಸೋರೆಬುರುಡೆಯೊಂದನ್ನು ಬೋರಲು ಹಾಕಿ, ಬಟ್ಟೆಯಿಂದ ಸುತ್ತಿ ಕಟ್ಟಿತ್ತು.

"ನಿನ್ನಿ ಸಂಜಿಗೆ ಹಂದಿ ತಿವಿದೈತ್ರಿ. ಕರುಳು ಹೊರಗ ಬಂದಾವು. ಹೊಲಿಯೂದು ನನ್ನ ಕೈಲಿ ಆಗಂಗಿಲ್ಲ. ಅದಕ್ಕ ನಿಮ್ಮ ಕಾಲಿಗೆ ಬಿದ್ದೀನಿ," ಎಂದಳು.

"ಇದೇನು ಸೋರೆಬುರುಡಿ ಆಟ?" ಎಂದು ಬಯ್ಯುತ್ತಲೇ ಡಾಕ್ಟರ್ ಗಂಟು ಬಿಚ್ಚಿದ. ಬುರುಡೆಯ ಒಳಗೆ ಒದ್ದೆ ಬಟ್ಟೆ, ಬಟ್ಟೆಯ ಒಳಗೆ ಕರುಳು. ಒಂದು ಕಣ ಮಣ್ಣಿಲ್ಲ, ಎಲ್ಲೂ ಒಣಗಿಲ್ಲ, ಈಗಷ್ಟೇ ಹೊರಬಂದಂತೆ ಕೆಂಪಗೆ ಹೊಳೆಯುತ್ತಿದೆ. ಬುರುಡೆಯನ್ನೂ ಬಟ್ಟೆಯನ್ನೂ ಬೇವಿನ ನೀರಿನಲ್ಲಿ ಕುದಿಸಿದ್ದಾಳೆ. ದಾರಿಯುದ್ದಕ್ಕೂ ಬೆಚ್ಚನೆಯ ನೀರು ಚಿಮುಕಿಸುತ್ತ ಬಂದಿದ್ದಾಳೆ. ಡಾಕ್ಟರ್ ಕತ್ತೆತ್ತಿ ಆಕೆಯನ್ನು ನೋಡಿದ.

"ಯಾರು ಹೇಳಿಕೊಟ್ರು ನಿನಗ?"

"ನಮ್ಮವ್ವ. ಆಕಿಗೆ ಆಕಿಯವ್ವ. ಕರುಳು ಒಣಗಬಾರ್ದು, ಮಣ್ಣು ಮುಟ್ಟಬಾರ್ದು, ಹೊರಗ ಬಂದಿದ್ದನ್ನ ಹಂಗ ಒಳಗ ತುರುಕಬಾರ್ದು ಅಂತ."

ಇದೇ ಮೂರು ಮಾತನ್ನು ಮದ್ರಾಸಿನ ಪ್ರೊಫೆಸರು ಕಪ್ಪು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆಸಿದ್ದರು. ಅವನ್ನು ಬಾಯಿಪಾಠ ಮಾಡಿದ್ದಕ್ಕೆ ಅವನಿಗೆ ಬಹುಮಾನವೂ ಬಂದಿತ್ತು.

ಅವನು ನಾಯಿಯ ಮೂಗಿಗೆ ಕ್ಲೋರೋಫಾರ್ಮ್ ಹಿಡಿದ. ಬಂಟನ ಕಾಲುಗಳು ಸಡಿಲವಾದವು. ಕರುಳು ತೊಳೆದು ಒಳಗಿಟ್ಟು ಪದರ ಪದರವಾಗಿ ಹೊಲಿದ. ಸೂಜಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬರುತ್ತಿದ್ದರೂ ನಾಯಿ ಕುಂಯ್ ಎನ್ನಲಿಲ್ಲ. ಗಾಳೆಮ್ಮ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಆಕೆಯ ಕಣ್ಣಲ್ಲಿ ನೀರು.

"ಯಪ್ಪಾ, ಇದರ ನೋವನ್ನ ಎಲ್ಲಿಗೆ ಕಳಿಸಿದ್ರಿ?" ಎಂದು ಪಿಸುಗುಟ್ಟಿದಳು.

ಆ ಮಾತಿಗೆ ಡಾಕ್ಟರನ ಎದೆ ಉಬ್ಬಿತು. ಉಬ್ಬಿದ ಎದೆಯಿಂದಲೇ ಅಪ್ಪಣೆ ಕೊಟ್ಟ. ಎಂಟು ದಿನ ನಾಯಿ ಇಲ್ಲೇ ಇರಬೇಕು, ಯಾರೂ ಒಳಗೆ ಕಾಲಿಡಕೂಡದು, ಸೊಪ್ಪು ಬೇರು ತರಕೂಡದು.

"ನನ್ನ ಸೊಪ್ಪು ಬ್ಯಾಡಂದ್ರ ಬ್ಯಾಡ್ರಿ. ಸಂಜಿಗೆ ಬಂದು ಅದಕ್ಕ ಕೂಳು ಹಾಕಿ ಹೋಗ್ತೀನಿ. ನಿಮ್ಮ ಕೈಯಾಗ ಅದು ಉಣ್ಣಂಗಿಲ್ಲ," ಎಂದು ಗಾಳೆಮ್ಮ ಅಂಗಲಾಚಿದಳು.

"ಹಸಿವಾದ್ರ ತಾನ ಉಣ್ಣತೈತಿ. ಹೋಗಮ್ಮ ನೀನು," ಎಂದು ಅವಳನ್ನು ಸಾಗಹಾಕಿದ.

ಎರಡನೆಯ ದಿನ ಬಂಟ ಕಣ್ಣು ಬಿಟ್ಟು ನೀರು ನೆಕ್ಕಿತು. ಗಂಜಿ ಇಟ್ಟರೆ ಮುಖ ತಿರುಗಿಸಿತು. ಮೂರನೆಯ ದಿನ ಹಾಲು, ಮಾಂಸದ ಸಾರು, ದೊರೆಗಳ ಅಂಗಡಿಯ ಬಿಸ್ಕತ್ತು, ಯಾವುದನ್ನೂ ಮೂಸಲಿಲ್ಲ. ಜ್ವರವಿಲ್ಲ, ಗಾಯದಲ್ಲಿ ಕೀವಿಲ್ಲ, ಹೊಟ್ಟೆ ಮೆತ್ತಗಿದೆ. ಡಾಕ್ಟರ್ ಪುಸ್ತಕ ತಿರುವಿದ, ಪುಸ್ತಕದ ಪ್ರಕಾರ ನಾಯಿ ಆರಾಮಾಗಿತ್ತು. ಕಣ್ಣೆದುರಿಗೆ ಮಾತ್ರ ಅದು ಸಾಯುತ್ತಿತ್ತು. ಬಾಯಿಗೆ ನಳಿಕೆ ಹಾಕಿ ಕುಡಿಸೋಣವೆಂದರೆ ಒದ್ದಾಡಿ ಹೊಲಿಗೆ ಬಿಚ್ಚಿಕೊಳ್ಳುವ ಭಯ. ಅಷ್ಟು ರಕ್ತ ಹೋದ ಮೈ ಇನ್ನೊಂದೆರಡು ದಿನ ಬರಿಹೊಟ್ಟೆಯಲ್ಲಿ ತಾಳುವಂತಿರಲಿಲ್ಲ. ಪ್ರತಿ ಸಂಜೆ ಬಂಟ ಕತ್ತೆತ್ತಿ ಗೇಟಿನ ಕಡೆ ನೋಡುತ್ತಿತ್ತು, ಕತ್ತಲಾದ ಮೇಲೆ ಕತ್ತು ಇಳಿಸುತ್ತಿತ್ತು. ಅದನ್ನು ನೋಡಿದರೆ ಡಾಕ್ಟರನಿಗೂ ಉಣ್ಣಲಾಗುತ್ತಿರಲಿಲ್ಲ.

ಮೂರನೆಯ ದಿನ ಹೊತ್ತು ಇಳಿಯುವಾಗ ಅವನು ತನ್ನ ಮದ್ರಾಸನ್ನು ನುಂಗಿಕೊಂಡು ಸೈಕಲ್ ಹತ್ತಿದ, ಮಲಪನಗುಡಿಗೆ ಹೋದ.

ಅಲ್ಲಿ ಕುರಿಗಳು ಆಗತಾನೇ ಮೇವಿನಿಂದ ಬರುತ್ತಿದ್ದವು. ಮುಳ್ಳುಬೇಲಿಯ ರೊಪ್ಪದ ಕಿರುಬಾಗಿಲಲ್ಲಿ ಗಾಳೆಮ್ಮ ಕುಕ್ಕರುಗಾಲಲ್ಲಿ ಕೂತು, ಒಳಹೋಗುವ ಒಂದೊಂದು ಕುರಿಯ ಬೆನ್ನು ಮುಟ್ಟಿ ಗಟ್ಟಿಯಾಗಿ ಎಣಿಸುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ನಾಯಿ. ಅದರ ಮುಂದೆ ಜೋಳದ ಮುದ್ದೆ, ಬಾಯಿಂದ ಜೊಲ್ಲು. ಆದರೂ ಅದು ಮುದ್ದೆ ಮುಟ್ಟದೆ ಆಕೆಯ ಬಾಯನ್ನೇ ನೋಡುತ್ತಿತ್ತು. "ತೊಂಬತ್ನಾಕು. ಎಲ್ಲಾ ಬಂದ್ವು, ಉಣ್ಣು," ಎಂದಳು ಗಾಳೆಮ್ಮ. ಆಗ ಮುದ್ದೆ ಎರಡೇ ತುತ್ತಿಗೆ ಮಾಯವಾಯಿತು.

ಡಾಕ್ಟರ್ ಸೈಕಲ್ ಹಿಡಿದು ನಿಂತಲ್ಲೇ ನಿಂತ. ಬಂಟ ಯಾಕೆ ಉಣ್ಣುತ್ತಿಲ್ಲವೆಂದು ಆಗ ಹೊಳೆಯಿತು.

"ನಾಯಿಗೆ ಮರಿ ಇದ್ದಾಗಿಂದ ಹಿಂಗ ಕಲಿಸ್ತೀವ್ರಿ," ಎಂದಳು ಆಕೆ. "ಅವತ್ತು ತೊಂಬತ್ಮೂರ ಬಂದಿದ್ವು. ಒಂದು ಮರಿ ಇರಲಿಲ್ಲ. ನಾನು 'ಬಂದ್ವು' ಅನ್ನಲಿಲ್ಲ, ಬಂಟ ಕೂಳು ಬಿಟ್ಟು ಬಂಡಿಗಲ್ಲಿನ ಗುಡ್ಡಕ್ಕ ಓಡ್ತು. ಅಲ್ಲೇ ಹಂದಿ ಸಿಕ್ಕೈತಿ."

"ಆ ಮರಿ?"

"ಬಂಟ ಬಿದ್ದಿದ್ದ ಬಂಡಿಗಲ್ಲಿನ ಸಂದಿನ್ಯಾಗ ಮರುದಿನ ಸಿಕ್ತು. ನಾನು ಅದನ್ನ ಹೆಗಲ ಮ್ಯಾಲ ಹೊತ್ಕೊಂಡು ದವಾಖಾನಿಗೆ ಬಂದಿದ್ನಲ್ಲ. 'ಡಾಕ್ಟರ್ ಅಪ್ಪಣಿ, ಒಳಗ ಬಿಡಂಗಿಲ್ಲ' ಅಂದ ನಿಮ್ಮ ಪಕ್ಕೀರಪ್ಪ."

ಬೈಗುಳ ತಿನ್ನಲು ಡಾಕ್ಟರ್ ತಲೆ ತಗ್ಗಿಸಿದ. ಗಾಳೆಮ್ಮ ಬಯ್ಯುವ ಬದಲು ರೊಪ್ಪದಿಂದ ಆ ಮರಿಯನ್ನು ಎತ್ತಿ ತಂದಳು.

"ಮರಿ ಕೊಡು. ಈಗಲೇ ಒಯ್ದು ತೋರಸ್ತೀನಿ."

"ಒಂದು ಮರಿ ತೋರಿಸಿದ್ರ ಸಾಲಂಗಿಲ್ರಿ. ಎಣಿಕಿ ತುಂಬಬೇಕು."

ಮರುದಿನ ಸಂಜೆ ಹೊಸಪೇಟೆಯ ಬಜಾರು ನಗುತ್ತಾ ಇಬ್ಭಾಗವಾಯಿತು. ನಡುವೆ ಗಾಳೆಮ್ಮ, ಆಕೆಯ ಹಿಂದೆ ಧೂಳೆಬ್ಬಿಸುತ್ತ ಕುರಿಯ ಹಿಂಡು. "ಡಾಕ್ಟರ್ರು ಕುರಿ ಮಂದಿಗೆ ಔತಣ ಕೊಡ್ತಾರ!" ಎಂದು ಯಾರೋ ಕೂಗಿದರು. ಡಾಕ್ಟರ್ ಕಿವಿಗೆ ಹಾಕಿಕೊಳ್ಳದೆ ತಾನೇ ಗೇಟು ತೆಗೆದ. ಬಂಟ ತಲೆಯನ್ನೂ ಎತ್ತಲಾರದೆ ಜಗಲಿಯ ಮೇಲೆ ಮಲಗಿತ್ತು. ಗಾಳೆಮ್ಮ ಗೇಟಿನ ಬಳಿ ಕೂತು ಎಣಿಸತೊಡಗಿದಳು. ಹತ್ತಾದವು, ಇಪ್ಪತ್ತಾದವು. ಐವತ್ತಕ್ಕೆ ಬಂಟನ ಕಿವಿ ನೆಟ್ಟಗಾಯಿತು. ಎಂಬತ್ತಕ್ಕೆ ತಲೆ ಎದ್ದಿತು. "ತೊಂಬತ್ಮೂರು," ಎಂದು ಆಕೆ ನಿಲ್ಲಿಸಿದಳು. ನಾಯಿಯ ಕಣ್ಣು ಆಕೆಯ ತುಟಿಯ ಮೇಲೆಯೇ ಇತ್ತು. ಬಜಾರಿನಿಂದ ಹಿಂದೆ ಬಂದ ಜನರೂ ಉಸಿರು ಹಿಡಿದರು. ಆಗ ಆಕೆ ಹೆಗಲಿನಿಂದ ಮರಿ ಇಳಿಸಿ, ಅದರ ಬೆನ್ನು ಮುಟ್ಟಿದಳು.

"ತೊಂಬತ್ನಾಕು. ಎಲ್ಲಾ ಬಂದ್ವಲೇ ಬಂಟ, ಉಣ್ಣು."

ಬಂಟ ಗಂಜಿಯ ಬೋಗುಣಿಗೆ ಮೂತಿ ಹಾಕಿತು. ಅಷ್ಟೊಂದು ಓದಿದ ಡಾಕ್ಟರ್ ಎಲ್ಲರೆದುರಿಗೆ, ನಾಚಿಕೆಯಿಲ್ಲದೆ ಅತ್ತ.

ದವಾಖಾನೆಯ ಹಿಂದಿನ ಹೊಲದ ಹನುಮಣ್ಣ, ಗೊಬ್ಬರವಾಗುತ್ತದೆಂದು ಹಿಂಡನ್ನು ರಾತ್ರಿ ತನ್ನ ಹೊಲದಲ್ಲೇ ತರುಬಿಸಿಕೊಂಡ. ಹೀಗಾಗಿ ದಿನಾ ಸಂಜೆ ಗೇಟಿನಲ್ಲಿ ಎಣಿಕೆ ನಡೆಯಿತು. ಬಂಟ ದಿನಾ ಉಂಡಿತು. ಗಾಯಕ್ಕೆ ಬೆಳಿಗ್ಗೆ ಡಾಕ್ಟರನ ಟಿಂಚರು, ಮಧ್ಯಾಹ್ನ ಗಾಳೆಮ್ಮನ ಬೇವಿನ ನೀರು. ಯಾವುದು ಮೇಲೆಂದು ಕೇಳುವ ಚಪಲ ಡಾಕ್ಟರನಿಗೆ ಹುಟ್ಟಲಿಲ್ಲ. ನಾಯಿಯ ಕಿವಿ ಮೂಸುವುದನ್ನು ಮಾತ್ರ ಅವನು ಗುಟ್ಟಾಗಿ ಕಲಿಯುತ್ತಿದ್ದ.

ಹೊಲಿಗೆ ಬಿಚ್ಚುವ ಹಿಂದಿನ ದಿನ ಅವನು ಕಂಪ್ಲಿಗೆ ಹೋಗಬೇಕಾಯಿತು. ಅಲ್ಲಿ ಎತ್ತುಗಳಿಗೆ ಕಾಲುಬಾಯಿ ರೋಗ ಬಂದಿತ್ತು. ಹಿಂತಿರುಗುವಾಗ ಸೈಕಲ್ ಪಂಕ್ಚರ್ ಆಗಿ, ತಳ್ಳಿಕೊಂಡು ಬರುವಷ್ಟರಲ್ಲಿ ಮನೆಮನೆಯಲ್ಲಿ ದೀಪ ಹಚ್ಚಿದ್ದರು. ಗೇಟಿನಲ್ಲಿ ಪಕ್ಕೀರಪ್ಪ ಲಾಟೀನು ಹಿಡಿದು ನಿಂತಿದ್ದ, ಮುಖ ಬಾಡಿತ್ತು.

"ಬಂಟ ಮತ್ತ ಉಣ್ಣವಲ್ದು ಸರ್."

ಡಾಕ್ಟರ್ ಜಗಲಿಯ ಕಡೆ ನೋಡಿದ. "ಎಣಿಕಿ ಆಗಲಿಲ್ಲೇನು?"

"ಆತ್ರಿ. ತೊಂಬತ್ನಾಕೂ ಬಂದ್ವು. ಗಾಳೆಮ್ಮ ಮೂರು ಸಲ ಹೇಳಿದ್ಲು. ಆದ್ರೂ ಬೋಗುಣಿ ಮುಟ್ಟವಲ್ದು, ಗೇಟು ನೋಡಿಕೋತ ಕೂತೈತಿ."

ಡಾಕ್ಟರ್ ಸೈಕಲನ್ನು ಗೋಡೆಗೆ ಒರಗಿಸಿ ಒಳಗೆ ಬಂದ. ಜಗಲಿಯ ಮೇಲೆ ಬಂಟ ನೆಟ್ಟಗೆ ಕೂತಿತ್ತು, ಪಕ್ಕದಲ್ಲಿ ಗಾಳೆಮ್ಮ. ಅವನು ಮೆಟ್ಟಿಲು ಹತ್ತಿದ ಕೂಡಲೇ ನಾಯಿ ಎದ್ದಿತು, ಅವನ ಕೈಯನ್ನು ಒಮ್ಮೆ ಮೂಸಿತು, ತಿರುಗಿ ಬೋಗುಣಿಗೆ ಬಾಯಿ ಹಾಕಿತು.

ಗಾಳೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ನನ್ನ ಎಣಿಕಿ ತೊಂಬತ್ನಾಕ ಇತ್ರಿ," ಎಂದಳು. "ಇದರದ್ದು ತೊಂಬತ್ತೈದು."