ನಲವತ್ತು ಸೆಕೆಂಡಿನ ವಿಡಿಯೊ

ನನ್ನ ಗಂಡನಿಗೆ ಮುಚ್ಚಿಡಲು ಬರುವುದಿಲ್ಲ. ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡರೆ ಈ ಮನುಷ್ಯ ಮಾತಾಡದೆ ಹಿತ್ತಿಲಿಗೆ ಹೋಗಿ ತೆಂಗಿನಕಾಯಿ ಸುಲಿಯುತ್ತಾರೆ. ಆ ಮಂಗಳವಾರ ಬೆಳಿಗ್ಗೆ ನಾನು ಹಿಂದಿನ ಬಾಗಿಲು ತೆರೆದರೆ ಹನ್ನೊಂದು ಕಾಯಿ ಸುಲಿದು ಹಾಕಿದ್ದರು.

"ಎಂತ ಆಯಿತು?" ಎಂದೆ.

"ಎಂತ ಇಲ್ಲ ಬೇಬಿ" ಎಂದು ನನ್ನ ಹೆಸರು ಹಿಡಿದು ಹೇಳಿದರು.

"ಹನ್ನೊಂದು ಕಾಯಿ ಉಂಟು ಇಲ್ಲಿ. ಎಂತ ಇಲ್ಲವಾ?"

ಹನ್ನೆರಡನೆಯದಕ್ಕೆ ಕೈ ಹಾಕಿದರು. ನಾನು ಕಿತ್ತುಕೊಂಡೆ. ಕಟಪಾಡಿ ಪೇಟೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ನಡೆಸುವ, ಊರಿಗೆಲ್ಲ ಸರ್ವೋತ್ತಮಣ್ಣನಾದ ಈ ಐವತ್ತೊಂಬತ್ತರ ಗಂಡಸು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟರು.

ನಮ್ಮ ಒಬ್ಬಳೇ ಮಗಳು ಆಶ್ರಿತಾಳ ಮದುವೆಗೆ ಇನ್ನು ಎರಡೇ ವಾರ. ಊರಿನವರನ್ನು ಮನೆಮನೆಗೆ ಹೋಗಿ ಕರೆದು ಹೇಳಿಕೆ ಮಾಡಬೇಕು, ಮುಂಬೈಯ ನೆಂಟರಿಗೆ ಮದುವೆ ಕಾಗದವನ್ನು ವಾಟ್ಸಾಪಿನಲ್ಲಿ ಕಳಿಸಬೇಕು. ಕಳಿಸಿದ ಮೇಲೆ ಅವರು ಯಾವ್ಯಾವುದೋ ನಂಬರಿನಿಂದ ವಿಡಿಯೊ ಕಾಲ್ ಮಾಡುತ್ತಾರೆ. ಎತ್ತದಿದ್ದರೆ ಮುಗಿಯಿತು. ಕಾಗದ ಕಳಿಸಲು ಪುರುಸೊತ್ತು ಉಂಟು, ಫೋನ್ ಎತ್ತಲು ಇಲ್ಲವಂತೆ ಎಂದು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಹಾಗಾಗಿ ಇವರು ಬಂದ ಕಾಲ್‌ಗಳನ್ನೆಲ್ಲ ಎತ್ತುತ್ತಿದ್ದರು. ಕಳೆದ ಗುರುವಾರ ಎತ್ತಿದ ಒಂದು ಕಾಲ್‌ನಲ್ಲಿ ಮೈಮೇಲೆ ಬಟ್ಟೆಯಿಲ್ಲದ ಒಬ್ಬಳು ಹುಡುಗಿ ಇದ್ದಳಂತೆ.

ಆ ಕಾಲ್ ಅನ್ನು ಯಾರೋ ರೆಕಾರ್ಡ್ ಮಾಡಿಕೊಂಡಿದ್ದರು. ಹುಡುಗಿಯ ಪಕ್ಕದಲ್ಲೇ ಇವರ ಮುಖ. ಹತ್ತು ನಿಮಿಷಕ್ಕೆ ಒಬ್ಬ ಹಿಂದಿಯವನು ಫೋನ್ ಮಾಡಿ ಹಣ ಕೇಳಿದ. ಇವರು ಹೆದರಿ ಇಪ್ಪತ್ತು ಸಾವಿರ ಕಳಿಸಿದರು. ಅಷ್ಟಕ್ಕೆ ಬಿಟ್ಟನಾ? ಈಗ ಐವತ್ತು ಬೇಕಂತೆ. ಇವತ್ತು ಸಂಜೆ ಐದರ ಒಳಗೆ ಬರದಿದ್ದರೆ ವಿಡಿಯೊ ಕಾರ್ಕಳಕ್ಕೆ, ನಮ್ಮ ಅಳಿಯನಾಗುವ ರಿತೇಶನ ತಾಯಿ ಕುಶಲಾ ಅವರಿಗೆ ಹೋಗುತ್ತದಂತೆ. ಫೇಸ್‌ಬುಕ್ಕಿನಲ್ಲಿ ಹುಡುಕಿ ಅವರ ಹೆಸರು, ನಂಬರು ಎಲ್ಲ ತೆಗೆದಿಟ್ಟಿದ್ದಾನೆ, ಹಾಳಾದವನು.

"ನನ್ನಿಂದ ಮಗಳ ಮದುವೆ ನಿಂತರೆ ನಾನು ಬದುಕಿ ಎಂತ ಮಾಡಲಿ?" ಎಂದರು.

"ಬಾಯಿ ಮುಚ್ಚಿ!" ಎಂದು ಗದರಿದೆ. ಗದರಿದ್ದು ಹೆದರಿಕೆಯಿಂದ. "ಕೂಡಲೇ ಕಟ್ ಮಾಡಬಾರದಿತ್ತಾ?"

"ಗಾಬರಿಯಾಯಿತು."

"ಎಷ್ಟು ಹೊತ್ತು ಇತ್ತು ಕಾಲ್?"

"ನಲವತ್ತು ಸೆಕೆಂಡು."

"ನಲವತ್ತು ಸೆಕೆಂಡು ಎಂತ ಮಾಡಿದಿರಿ?"

ಇವರು ಮೆಲ್ಲಗೆ ಕಾಯಿಯ ರಾಶಿಯ ಕಡೆ ನೋಡಿದರು. ಅಲ್ಲಿಯೇ ನನಗೆ ಮುಳ್ಳು ಚುಚ್ಚಿದ್ದು.

ತಿಂಡಿಗೆ ದೋಸೆ ಹೊಯ್ಯುತ್ತ ಮನಸ್ಸಿನಲ್ಲೇ ಎಣಿಸಿದೆ. ನಲವತ್ತು ಸೆಕೆಂಡಿನಲ್ಲಿ ಒಂದು ದೋಸೆ ಬೇಯುತ್ತದೆ. ಫೋನ್ ಕಟ್ ಮಾಡಲು ಅಷ್ಟು ಹೊತ್ತು ಬೇಕಾ? ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡನ ಮೇಲೆ ಅಂಥ ಯೋಚನೆ ಬರಬಾರದು. ಬಂತು, ಏನು ಮಾಡಲಿ?

ಮದುವೆ ಅವಳದು, ಅವಳಿಗೆ ತಿಳಿಯಬೇಕು ಎಂದು ಮಣಿಪಾಲದಲ್ಲಿ ಕೆಲಸಕ್ಕೆ ಹೋಗಿದ್ದ ಆಶ್ರಿತಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು, "ಅಮ್ಮ, ಪಪ್ಪನಿಗೆ ಕೊಡು" ಎಂದಳು. ಇವರು ಫೋನ್ ಹಿಡಿದರು.

"ಪಪ್ಪ, ತಿಂಡಿ ತಿಂದಿರಾ?" ಎಂದು ಕೇಳಿದಳು ನನ್ನ ಮಗಳು. ಅಷ್ಟೇ ಕೇಳಿದ್ದು. ಇವರು ಮತ್ತೆ ಅತ್ತರು.

ನಾನು ಸೀರೆ ಬದಲಿಸಿ ಬಂದೆ. "ಏಳಿ. ಬೀಗರ ಮನೆಗೆ ಹೇಳಿಕೆ ಹೇಗೂ ಬಾಕಿ ಉಂಟು. ಕಾಗದ ಕೊಡುವಾಗ ಇದನ್ನೂ ಹೇಳುವ. ಅವನು ಹೇಳುವ ಮೊದಲು ನಾವೇ ಹೇಳಿದರೆ ಅವನ ಕೈಯಲ್ಲಿ ಎಂತ ಉಳಿಯುತ್ತದೆ, ಮಣ್ಣು?"

"ಬೀಗರ ಎದುರಿಗಾ? ನಾನು ಬರುವುದಿಲ್ಲ ಮಾರಾಯ್ತಿ."

"ಬರುತ್ತೀರಿ. ನನಗೆ ಓಮ್ನಿ ಬಿಡಲು ಬರುವುದಿಲ್ಲ."

ಕಾರ್ಕಳದ ದಾರಿಯಲ್ಲಿ ಓಮ್ನಿ ಶಿರ್ವ, ಬೆಳ್ಮಣ್ ದಾಟಿತು. ಮಡಿಲಲ್ಲಿ ಕಾಗದ, ಕುಂಕುಮದ ಭರಣಿ. ಆ ನಲವತ್ತು ಸೆಕೆಂಡು ಮಾತ್ರ ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಇನ್ನೊಮ್ಮೆ ಕೇಳೋಣವೆಂದು ಬಾಯಿ ತೆರೆದೆ, ಇವರ ಒಣಗಿದ ಮುಖ ನೋಡಿ ಮುಚ್ಚಿಕೊಂಡೆ.

ಕಾರ್ಕಳದಲ್ಲಿ ಕುಶಲಾ ಅವರು ಬೆಲ್ಲ, ನೀರು ತಂದಿಟ್ಟರು. ಗಂಡ ತೀರಿಹೋದ ಮೇಲೆ ಟೈಲರಿಂಗ್ ಮಾಡಿ ಮಗನನ್ನು ಓದಿಸಿದ ಹೆಂಗಸು. ಮಾತು ಕಡಿಮೆ, ನೋಟ ಜಾಸ್ತಿ. ನನ್ನ ಧೈರ್ಯವೆಲ್ಲ ಅಲ್ಲಿಯೇ ಇಳಿಯಿತು. ಆದರೂ, "ಕಾಗದ ಕೊಡುವ ಮೊದಲು ಒಂದು ವಿಷಯ ಹೇಳಲಿಕ್ಕೆ ಉಂಟು" ಎಂದು ಶುರು ಮಾಡಿದೆ.

"ನೀನು ಇರು ಬೇಬಿ, ನಾನೇ ಹೇಳುತ್ತೇನೆ" ಎಂದರು ಇವರು.

ಎದ್ದು ನಿಂತು, ನೆಲ ನೋಡುತ್ತ ಹೇಳಿದರು. ಕಾಲ್ ಬಂದದ್ದು, ಹುಡುಗಿ, ಹಣ, ಐದು ಗಂಟೆಯ ಗಡುವು, ಒಂದನ್ನೂ ಬಿಡಲಿಲ್ಲ. "ನಿಮಗೆ ಈ ಸಂಬಂಧ ಬೇಡ ಅನಿಸಿದರೆ ಹೇಳಿ. ಆದರೆ ನನ್ನ ಮಗಳದ್ದು ತಪ್ಪಿಲ್ಲ" ಎಂದು ಕೈ ಮುಗಿದರು.

ಕುಶಲಾ ಒಳಗೆ ಹೋದರು. ಅವರು ಫೋನ್ ಹಿಡಿದುಕೊಂಡು ವಾಪಸು ಬಂದರು.

"ಅದು ನಿನ್ನೆಯೇ ಬಂದಿದೆ ಅಣ್ಣ."

ನಿನ್ನೆಯೇ! ಗಡುವು ಕೊಡುವ ಮೊದಲೇ ಕಳಿಸಿದ್ದ, ಕಳ್ಳ.

"ಮುಖ ನೋಡಿದ ಕೂಡಲೇ ಡಿಲೀಟ್ ಮಾಡಲು ಹೊರಟೆ" ಎಂದರು ಕುಶಲಾ. "ಅಷ್ಟರಲ್ಲಿ ನಿಮ್ಮ ಸ್ವರ ಕೇಳಿತು. ಆ ಪೆದ್ದನಿಗೆ ತುಳು ಬರುವುದಿಲ್ಲ ಅಲ್ವಾ? ಮಾತನ್ನು ತೆಗೆಯದೆ ಹಾಗೆಯೇ ಕಳಿಸಿದ್ದಾನೆ. ಬೇಬಿಯಕ್ಕ, ನೀವು ಕೇಳಿದ್ದೀರಾ?"

ನಾನು ಇಲ್ಲವೆಂದೆ. ಅವರು ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ವಿಡಿಯೊ ಬಿಟ್ಟರು. ನನ್ನ ಗಂಡನ ಸ್ವರ, ನಮ್ಮ ತುಳುವಿನಲ್ಲಿ.

"ಅಯ್ಯೋ ದೇವರೇ! ಮಗಾ, ಬಟ್ಟೆ ಎಲ್ಲಿ? ಯಾರ ಮನೆಯವಳು ನೀನು? ನಾನು ಕಣ್ಣು ಮುಚ್ಚಿದ್ದೇನೆ, ಮೊದಲು ಏನಾದರೂ ಹೊದ್ದುಕೋ. ಯಾರಾದರೂ ಹೆದರಿಸಿ ಕೂರಿಸಿದ್ದಾರಾ? ಇದ್ದರೆ ಹೇಳು ಮಗಾ, ಪೊಲೀಸರಿಗೆ ಹೇಳುತ್ತೇನೆ. ಅಪ್ಪನ ನಂಬರ್ ಉಂಟಾ? ಅಳಬೇಡ, ನನಗೂ ಒಬ್ಬಳು ಮಗಳಿದ್ದಾಳೆ. ಹಲೋ? ಹಲೋ, ಮಗಾ?"

ಅಲ್ಲಿಗೆ ನಿಂತಿತು. ಕುಶಲಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇಂಥ ಮನೆಯ ಹುಡುಗಿಯನ್ನು ನಾನು ಬೇಡ ಅನ್ನುವುದಾ, ಅಣ್ಣ?"

ನಾನು ಇವರ ಕಡೆ ತಿರುಗಿದೆ. "ಇದನ್ನು ನನಗೆ ಹೇಳಲು ಎಂತ ಆಗಿತ್ತು ನಿಮಗೆ?"

"ಬಟ್ಟೆಯಿಲ್ಲದವಳ ಹತ್ತಿರ ಮನೆ ವಿಚಾರಿಸುತ್ತ ಕೂತಿದ್ದೆ ಎಂದರೆ ಯಾರು ನಂಬುತ್ತಾರೆ?"

"ನಾನು ನಂಬುತ್ತಿರಲಿಲ್ಲವಾ?" ಎಂದು ಜೋರು ಮಾಡಿದೆ.

ಇವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ತಡೆಯಲಿಕ್ಕೆ ಆಗಲಿಲ್ಲ. ಬೆಳಗಿನಿಂದ ನಾನು ಏನು ಎಣಿಸುತ್ತಿದ್ದೇನೆ ಎಂದು ಈ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೇ ಮೂವತ್ತು ಕಿಲೋಮೀಟರ್ ಗಾಡಿ ಬಿಟ್ಟಿದ್ದರು.

"ಇಲ್ಲ, ನಂಬಿರಲಿಲ್ಲ" ಎಂದೆ, ಬೀಗಿತ್ತಿಯ ಎದುರಿಗೇ. "ತಪ್ಪಾಯಿತು."

"ಇರಲಿ ಬೇಬಿ" ಎಂದರು ಇವರು. "ಬಾ, ಒಟ್ಟಿಗೆ ಕಾಗದ ಕೊಡುವ."